ಅಕ್ಕನ ಹೆಸರಿದ್ದ ಸಾಲು

ಅಕ್ಕ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಎರಡು ರೇಷ್ಮೆ ಸೀರೆ, ಒಂದು ಪ್ರೆಶರ್ ಕುಕ್ಕರು ಮತ್ತು ಒಂದು ಆಪರೇಟಿಂಗ್ ಸಿಸ್ಟಮ್ಮು. ಸೀರೆಗಳು ಕಪಾಟಿನಲ್ಲಿವೆ. ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾಗಿದೆ, ಅದಕ್ಕೆ ಹೊಂದುವುದು ಇಲ್ಲಿ ಪರದೇಶದಲ್ಲಿ ಸಿಗುತ್ತಿಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಮಾತ್ರ ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ.

ಅದೇನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗಾಳಿ, ನೀರು, ಹೊಗೆ ಹೇಗೆ ಹರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅಕ್ಕನ ಕಸುಬು. ಅದಕ್ಕೆ ಬೇಕಾದ ಸಾಫ್ಟ್‌ವೇರುಗಳು ಬಿಟ್ಟಿಯಾಗಿ ಸಿಗುತ್ತವೆ, ಆದರೆ ಒಂದಕ್ಕೊಂದು ಜೋಡಿಸುವಷ್ಟರಲ್ಲಿ ಒಂದು ವಾರ ತಲೆ ಕೆಟ್ಟುಹೋಗುತ್ತದೆ. ಅಕ್ಕ ಎಲ್ಲವನ್ನೂ ಸೇರಿಸಿ, ಅದಕ್ಕೆಂದೇ ಒಂದು ಆಪರೇಟಿಂಗ್ ಸಿಸ್ಟಮ್ಮು ಕಟ್ಟಿದಳು. ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ ಶುರು ಮಾಡಿದರೆ ಸಾಕು, ಕೆಲಸಕ್ಕೆ ಸಿದ್ಧ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಇದನ್ನು ಬಳಸುವವರೆಲ್ಲ ಬಹುಮಟ್ಟಿಗೆ ಸಣ್ಣ ಊರುಗಳ ಕಾಲೇಜಿನವರು. ನಾನು ಮೆನ್ಲೋ ಪಾರ್ಕಿನ ಒಂದು ಆಫೀಸಿನಲ್ಲಿ ಸರ್ವರ್ ಕಾಯುವವಳು. ನನಗೆ ಹೊಗೆಯೂ ಗೊತ್ತಿಲ್ಲ, ಗಾಳಿಯೂ ಗೊತ್ತಿಲ್ಲ. ಸಿಸ್ಟಮ್ಮು ಎದ್ದು ನಿಲ್ಲುವಂತೆ ಮಾಡುವುದಷ್ಟೇ ಗೊತ್ತು.

ಅಕ್ಕ ಹೋದ ಮೇಲೆ ನಾನು ಅಳಲಿಲ್ಲ. ಕೆಲವರು ಗಟ್ಟಿ ಹೆಂಗಸು ಅಂದರು, ಕೆಲವರು ಇನ್ನೇನೋ ಅಂದಿರಬೇಕು. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ನನ್ನ ಮನೆಯಿರುವ, ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ನಿಂದ ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಫ್ರೀವೇ ಇಳಿದಾಗ ಬೆಳ್ಳುಳ್ಳಿ ವಾಸನೆ ಬಂದರೆ ಊರು ಬಂತು ಅಂದುಕೊಳ್ಳುತ್ತಿದ್ದೆ. ಅನ್ನ ಮಾಡುತ್ತಿದ್ದೆ. ಪ್ರತಿ ಶನಿವಾರ ಬೆಳಗ್ಗೆ ಕ್ಯುಪರ್ಟಿನೋದ ಭಾವನ ಮನೆಗೆ ಹೋಗಿ, ಅಕ್ಕನ ಮೇಜಿನ ಕೆಳಗಿದ್ದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ.

ಅಲ್ಲಿ ಒಂದು ಪದ್ಧತಿ ಇತ್ತು. ಹೊಸ ಆವೃತ್ತಿಯನ್ನು ಜನರಿಗೆ ಬಿಡುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಅಕ್ಕ ಅದಕ್ಕೆ ಆರಿಸಿಕೊಂಡದ್ದು ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ. ಪರದೆಯ ಮೇಲೆ ಲೋಟದಿಂದ ಆವಿ ಮೇಲೇಳಬೇಕು, ಸ್ವಲ್ಪ ಬಳುಕಿ ಮೇಲೆ ಹೋಗಿ ಹರಡಬೇಕು. ಲೆಕ್ಕ ನಡೆಯುವಷ್ಟು ಹೊತ್ತಿನಲ್ಲಿ ಭಾವ ನಿಜವಾದ ಕಾಫಿ ಮಾಡಿಕೊಂಡು ಬರುತ್ತಿದ್ದರು. ಎರಡು ಆವಿಯನ್ನೂ ನೋಡಿ ಅಕ್ಕ ‘ಪಾಸು’ ಅನ್ನುತ್ತಿದ್ದಳು. ಅವಳು ಹೋದ ಮೇಲೂ ಭಾವ ಕಾಫಿ ತರುವುದನ್ನು ನಿಲ್ಲಿಸಲಿಲ್ಲ. ‘ಪಾಸು’ ಅನ್ನುವ ಕೆಲಸ ನನ್ನದಾಯಿತು.

ನಮ್ಮ ಕೆಲಸದಲ್ಲಿ ಒಂದು ದಾಖಲೆ ಇರುತ್ತದೆ. ಯಾವ ಕಡತವನ್ನು ತೆರೆದರೂ, ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಕೊನೆಯಲ್ಲಿ ಮುಟ್ಟಿದವರ ಹೆಸರು ಕಾಣಿಸುತ್ತದೆ. ಮೊದಮೊದಲು ಪರದೆಯ ತುಂಬ ಅಕ್ಕನ ಹೆಸರೇ ಇತ್ತು. ಆದರೆ ಸಿಸ್ಟಮ್ಮು ಸುಮ್ಮನೆ ಇಟ್ಟರೆ ಕೆಡುತ್ತದೆ. ಕೆಲವು ತಿಂಗಳಿಗೊಮ್ಮೆ ಒಳಗಿನ ಯಾವುದೋ ಸಾಫ್ಟ್‌ವೇರು ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಇಲ್ಲಿ ಸಾಲು ತಿದ್ದಬೇಕು. ತಿದ್ದಿದ ಕೂಡಲೇ ಆ ಸಾಲಿನ ಪಕ್ಕ ಅವಳ ಹೆಸರು ಹೋಗಿ ನನ್ನದು ಬರುತ್ತದೆ. ಹಳೆಯದೆಲ್ಲ ಆ ದಾಖಲೆಯ ಚರಿತ್ರೆಯಲ್ಲಿ ಉಳಿದೇ ಇರುತ್ತದೆ, ಕೆದಕಿದರೆ ಸಿಗುತ್ತದೆ, ಅದು ನನಗೂ ಗೊತ್ತು. ಆದರೆ ಇವತ್ತಿನ ಪ್ರತಿಯಲ್ಲಿ ಅವಳು ಕಡಿಮೆಯಾಗುತ್ತಾ ಬಂದಳು. ಅವಳನ್ನು ಅಳಿಸುತ್ತಿದ್ದವಳು ನಾನೇ. ಎರಡನೆಯ ವರ್ಷದ ಕೊನೆಗೆ ಒಂದೇ ಒಂದು ಸಾಲು ಉಳಿದಿತ್ತು.

ಆ ಸಾಲು ಹೇಳುವುದು ಇಷ್ಟೇ: ಕೆಳಗೆ ಅಂದರೆ ಯಾವ ಕಡೆ. ಕಂಪ್ಯೂಟರಿಗೆ ಅದು ತಾನಾಗಿ ಗೊತ್ತಿರುವುದಿಲ್ಲ. ಭೂಮಿ ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಮೂರು ಅಂಕಿಗಳಲ್ಲಿ ಬರೆಯಬೇಕು. ಅಕ್ಕ ಯಾವಾಗಲೂ ಮೊದಲು ಕಾಗದದ ಮೇಲೆ ಚಿತ್ರ ಬಿಡಿಸುವವಳು. ಕಾಗದದಲ್ಲಿ ಎರಡೇ ದಿಕ್ಕು, ಅಡ್ಡ ಮೊದಲನೆಯದು, ಮೇಲೆ ಎರಡನೆಯದು. ಹಾಗೇ ಬರೆದಿದ್ದಳು. ಕೋಣೆಯ ಆಕಾರ ಬಿಡಿಸುವ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಮೇಲೆ ಅನ್ನುವುದು ಮೂರನೆಯ ದಿಕ್ಕಾಯಿತು. ಸರಿಮಾಡಲು ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ.

ನಾನು ಮಾಡಲಿಲ್ಲ. ಅದರ ಬದಲು ನನ್ನದೇ ನಲವತ್ತು ಸಾಲು ಬರೆದು, ಇಡೀ ಕೋಣೆಯನ್ನೇ ಮಗ್ಗುಲಿಗೆ ಹೊರಳಿಸಿ, ಲೆಕ್ಕ ಮುಗಿದ ಮೇಲೆ ಮತ್ತೆ ನೆಟ್ಟಗೆ ನಿಲ್ಲಿಸುವ ವ್ಯವಸ್ಥೆ ಮಾಡಿದೆ. ಮಂಚ ತಿರುಗಿಸಲು ಮನಸ್ಸಿಲ್ಲದೆ ಮನೆಯನ್ನೇ ತಿರುಗಿಸಿದ ಹಾಗೆ. ಕಾಫಿಯ ಆವಿ ಮೇಲೆ ಹೋಯಿತು. ಪಾಸು ಅಂದೆ.

ಇನ್ನೊಂದು ವಿಷಯವನ್ನೂ ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಬಳಸುವವರು ಪ್ರಶ್ನೆ ಕೇಳುತ್ತಿದ್ದದ್ದು ಅಕ್ಕನ ಈಮೇಲಿಗೆ. ಉತ್ತರ ಬರೆಯುತ್ತಿದ್ದದ್ದು ನಾನು. ಕೆಳಗೆ ಅವಳ ಹೆಸರು ತಾನಾಗಿ ಸೇರಿಕೊಳ್ಳುತ್ತಿತ್ತು. ನಾನು ಅದನ್ನು ತೆಗೆಯಲಿಲ್ಲ. ಒಬ್ಬರಾದರೂ ಅವಳು ಇದ್ದಾಳೆ ಅಂದುಕೊಂಡಿರಲಿ ಅನ್ನಿಸಿತ್ತು.

ಹಾಗೆ ಅಂದುಕೊಂಡಿದ್ದವರಲ್ಲಿ ಗದಗದ ಕಡೆಯ ಒಬ್ಬ ಮೇಡಂ ಇದ್ದರು, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು. ಅವರ ಊರಿನ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಗ್ಯಾಸು ಮುಗಿದ ದಿನ ಕಟ್ಟಿಗೆ ಒಲೆ ಹಚ್ಚುತ್ತಾರಂತೆ. ಅಡುಗೆ ಮಾಡುವ ಹೆಂಗಸರಿಗೆ ಕೆಮ್ಮು ನಿಂತೇ ಇಲ್ಲವಂತೆ. ಚಿಮಣಿ ಎಲ್ಲಿ ಬರಬೇಕೆಂದು ತಮ್ಮ ವಿದ್ಯಾರ್ಥಿನಿಯರಿಂದ ಲೆಕ್ಕ ಹಾಕಿಸುತ್ತಿದ್ದರು. ಉತ್ತರ ವಿಚಿತ್ರವಾಗಿ ಬರುತ್ತಿದೆ ಎಂದು ಮೂರು ಸಲ ಬರೆದರು. ಮೂರು ಸಲವೂ ನಾನು, ನಿಮ್ಮ ಚಿತ್ರ ಸರಿ ಇದೆಯೇ ನೋಡಿ, ಕೈಪಿಡಿ ಓದಿ ಎಂದು ಬರೆದೆ. ಓದದೆ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊನೆಗೆ ರೇಜಿಗೆಯಾಗಿ ನನ್ನ ಫೋನ್ ನಂಬರು ಕೊಟ್ಟೆ.

ಶನಿವಾರ ಬೆಳಗ್ಗೆ ಕ್ಯುಪರ್ಟಿನೋದಲ್ಲಿದ್ದಾಗ ಫೋನು ಬಂತು. ಗದಗದಲ್ಲಿ ಆಗ ರಾತ್ರಿ ಊಟದ ಹೊತ್ತು. ಅಕ್ಕಾರ, ನಿಮ್ಮ ದನಿ ಮೊದಲ ಸಲ ಕೇಳಾಕತ್ತೀನಿ ಎಂದು ಸಂತೋಷಪಟ್ಟರು. ನಾನು ಹೂಂ ಅಂದೆ. ಆಮೇಲೆ ಅವರು ವಿಷಯಕ್ಕೆ ಬಂದರು.

“ಹೊಗಿ ಮ್ಯಾಲ ಹೋಗವಲ್ದು ನೋಡ್ರಿ. ಅಡ್ಡ ಗ್ವಾಡಿಗೆ ಹೊಂಟೈತಿ. ಗೌಂಡಿ ಸೋಮವಾರ ಬರ್ತಾನ, ಅವಂಗ ಎಲ್ಲಿ ಒಡಿ ಅಂತ ಹೇಳ್ಲಿ?”

ಅಷ್ಟು ಸಾಕಾಯಿತು. ಅವರ ಹುಡುಗಿಯರು ಅಡುಗೆಮನೆಯ ಚಿತ್ರವನ್ನು ನನ್ನ ನಲವತ್ತು ಸಾಲಿನ ಮೂಲಕ ಕಳಿಸದೆ, ನೇರವಾಗಿ ಲೆಕ್ಕಕ್ಕೆ ಕೊಟ್ಟಿದ್ದರು. ಹಾಗೆ ಕೊಡಬಾರದೆಂದು ನಾನು ಎಲ್ಲೂ ಬರೆದಿರಲಿಲ್ಲ. ಕೈಪಿಡಿಯಲ್ಲೂ ಇರಲಿಲ್ಲ. ಕೋಣೆ ನೆಟ್ಟಗೆ ನಿಂತಿತ್ತು, ಭೂಮಿ ಪಕ್ಕಕ್ಕೆ ಎಳೆಯುತ್ತಿತ್ತು. ಲೆಕ್ಕವನ್ನು ನಂಬಿದ್ದರೆ ಗಾರೆ ಕೆಲಸದ ಗೌಂಡಿ ಚಾವಣಿಯ ಬದಲು ಪಕ್ಕದ ಗೋಡೆಯನ್ನು ಒಡೆಯುತ್ತಿದ್ದ, ಹೊಗೆ ಹೆಂಗಸರ ಎದೆಯಲ್ಲೇ ಉಳಿಯುತ್ತಿತ್ತು. ಗೌಂಡಿಗೆ ಇನ್ನೂ ಏನೂ ಹೇಳಬೇಡಿ, ತಪ್ಪು ನಮ್ಮದು, ನಾಳೆಯೊಳಗೆ ಸರಿಮಾಡಿ ಕಳಿಸುತ್ತೇನೆ ಎಂದು ಫೋನು ಇಟ್ಟೆ.

ಸರಿಮಾಡುವುದು ಅಂದರೇನು ಎಂದು ಗೊತ್ತಿದ್ದೂ ಕೂತೇ ಇದ್ದೆ. ಅವರೊಬ್ಬರಿಗೆ ಉಪಾಯ ಹೇಳಿಕೊಟ್ಟು ಸಾಲನ್ನು ಹಾಗೇ ಬಿಡಬಹುದಿತ್ತು. ನಿಜ ಹೇಳುತ್ತೇನೆ, ಅದನ್ನೇ ಮಾಡೋಣ ಅಂದುಕೊಂಡೆ. ಭಾವ ಕಾಫಿ ತಂದಿಟ್ಟರು. ಅವರು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಂಪ್ಯೂಟರ್ ವಿಷಯ ಅಷ್ಟು ಗೊತ್ತಿಲ್ಲ, ಮಾತೂ ಕಡಿಮೆ. ಆದರೂ ಎಲ್ಲವನ್ನೂ ಹೇಳಿದೆ. ಸಾಲು, ಹೆಸರು, ನಲವತ್ತು ಸಾಲು, ಈಮೇಲು, ಎಲ್ಲ. ಅವರು ಪರದೆಯಲ್ಲಿ ಅಕ್ಕನ ಹೆಸರನ್ನು ಬಗ್ಗಿ ನೋಡಿದರು.

“ತಪ್ಪು ಅಂತ ಗೊತ್ತಾದ್ಮೇಲೂ ಬಿಟ್ಟಿದ್ದೀಯಲ್ಲಮ್ಮ,” ಅಂದರು. “ಅವಳ ಹೆಸರಲ್ಲಿ ಉಳಿಯೋದು ಈ ತಪ್ಪೊಂದೇನಾ?”

ನನಗೆ ಸಿಟ್ಟು ಬಂತು. ನಿಮಗೇನು ಗೊತ್ತು ಅಂತ ಬಾಯಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡೆ. ಅಕ್ಕನ ಸ್ವಭಾವ ಅವರಿಗೂ ಗೊತ್ತು, ನನಗೂ ಗೊತ್ತು. ಯಾರಾದರೂ ತಪ್ಪು ತೋರಿಸಿದರೆ ಅವಳು ಚಪ್ಪಲಿ ಬಿಚ್ಚುವ ಮೊದಲೇ ಕೂತು ತಿದ್ದುತ್ತಿದ್ದಳು. ಬಿಟ್ಟಿದ್ದರೆ ಬೈಯುತ್ತಿದ್ದದ್ದು ನನ್ನನ್ನೇ.

ನಲವತ್ತು ಸಾಲನ್ನೂ ಅಳಿಸಿದೆ. ಎರಡು ಅಂಕಿಗಳನ್ನು ಅದಲುಬದಲು ಮಾಡಿದೆ. ಪ್ರತಿ ಬದಲಾವಣೆಗೂ ಕಾರಣ ಬರೆಯಬೇಕು, ಅದು ಎಲ್ಲ ಬಳಕೆದಾರರಿಗೂ ಹೋಗುತ್ತದೆ, ಅದೂ ಅಕ್ಕನದೇ ನಿಯಮ. ‘ಕೆಳಗಿನ ದಿಕ್ಕು ತಪ್ಪಾಗಿತ್ತು. ಗೊತ್ತಿದ್ದೂ ನಾನು ಮುಚ್ಚಿಟ್ಟಿದ್ದೆ. ಇದನ್ನು ಕಟ್ಟಿದ ನನ್ನ ಅಕ್ಕ ತೀರಿಕೊಂಡಿದ್ದಾಳೆ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ನನ್ನ ಹೆಸರು ಹಾಕಿದೆ. ಕಾಫಿಯ ಆವಿ ಯಾವ ತಿರುಗುಮುರುಗೂ ಇಲ್ಲದೆ ಮೇಲೆ ಹೋಯಿತು. ಈ ಸಲ ಪಾಸು ಅಂದದ್ದು ಭಾವ. ಕಡತವನ್ನು ಇನ್ನೊಮ್ಮೆ ತೆರೆದು ನೋಡಿದೆ. ಮೇಲಿಂದ ಕೆಳಗಿನವರೆಗೆ ನನ್ನ ಹೆಸರೇ ಇತ್ತು. ಆಗಲೂ ಏನೂ ಅನ್ನಿಸಲಿಲ್ಲ. ಲೋಟ ತೊಳೆದಿಟ್ಟು ಗಿಲ್‌ರಾಯ್‌ಗೆ ಹೊರಟೆ.

ಭಾನುವಾರ ಬೆಳಗ್ಗೆ ಮನೆಯವರೆಲ್ಲ ಗ್ರೋಸರಿಗೆ ಹೋಗಿದ್ದರು. ಹುರುಳಿಕಾಯಿ ಹೆಚ್ಚುತ್ತಿದ್ದೆ. ಗದಗದ ಮೇಡಂ ಫೋನು ಮಾಡಿದರು. ಹೊಗೆ ಮೇಲೆ ಹೋಗುತ್ತಿದೆಯಂತೆ, ಚಿಮಣಿ ಒಲೆಯ ನೆತ್ತಿಗೇ ಬರಬೇಕಂತೆ, ಗೌಂಡಿಗೆ ಹೇಳಿ ಆಯಿತಂತೆ. ಆಮೇಲೆ ಅವರ ದನಿ ಇಳಿಯಿತು. ಬದಲಾವಣೆಗೆ ಬರೆದ ಕಾರಣ ಓದಿದೆ ಅಂದರು. ಅಕ್ಕ ಹೋದದ್ದು ಯಾವಾಗ ಎಂದು ಕೇಳಿದರು. ಎರಡು ವರ್ಷವಾಯಿತು ಅಂದೆ.

“ಮತ್ತ ಈ ಎರಡು ವರ್ಷ ನಮಗ ಉತ್ತರಾ ಬರೆದವ್ರು ಯಾರ್ರಿ?”

“ನಾನೇ,” ಅಂದೆ. “ನಾನು ಅವಳ ತಂಗಿ.”

ಅಳು ಬಂದುಬಿಟ್ಟಿತು. ಚಾಕು ಕೆಳಗಿಟ್ಟು ನಿಂತಲ್ಲೇ ಅತ್ತೆ. ಆ ಕಡೆಯವರು ಫೋನು ಇಡಲಿಲ್ಲ.