ಮಗ್ಗದ ಮನೆಗೆ ಬಂದ ಗಣಿತದ ಮೇಷ್ಟ್ರು

ಮಾನ್ಯ ಓದುಗರೇ,

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸಿಕೊಂಡಿರುವ ನಾನು ಇದುವರೆಗೆ ಅರ್ಜಿಗಳ ಹೊರತು ಏನನ್ನೂ ಬರೆದವನಲ್ಲ. ಆದ್ದರಿಂದ ನನ್ನ ಕಾಗುಣಿತವನ್ನೂ ಅಂಕುಡೊಂಕಾದ ಅಕ್ಷರವನ್ನೂ ಮೊದಲಿಗೇ ಮನ್ನಿಸಬೇಕಾಗಿ ಕೋರುತ್ತೇನೆ.

ನನ್ನ ಮಗಳ ಗಣಿತದ ಮೇಷ್ಟ್ರ ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ ಇರುತ್ತಿರಲಿಲ್ಲ. ಸಂಜೆ ಶಾಲೆಯಿಂದ ಹೊರಬರುವಾಗಲೂ ಆ ಕೈಗಳು ಊಟಕ್ಕೆ ತೊಳೆದಂತೆ ಶುಭ್ರವಾಗಿರುತ್ತಿದ್ದವು. ನನ್ನ ಅನುಮಾನ ಆರಂಭವಾದದ್ದು ಅಲ್ಲಿಂದಲೇ. ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ಸದರಿಯವರು ಪಾಠವನ್ನು ವಿಡಿಯೊ ಮಾಡಿ ಪೋಷಕರ ಮೊಬೈಲಿಗೆ ಕಳುಹಿಸುತ್ತಿದ್ದರು. ಮಕ್ಕಳು ಅದನ್ನು ಮನೆಯಲ್ಲಿ ನೋಡಿಕೊಂಡು ಬಂದು ತರಗತಿಯಲ್ಲಿ ಲೆಕ್ಕ ಮಾಡಬೇಕಿತ್ತು. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತಾ, "ಎಲ್ಲಿ ಸಿಕ್ಕಾಕ್ಕೊಂಡೆ? ಅದನ್ನ ತೋರ್ಸು" ಎನ್ನುತ್ತಿದ್ದರಂತೆ. "ಸಂಬಳ ಇವ್ರಿಗೆ, ದುಡಿಮೆ ನಮ್ ಫೋನಿಗಾ?" ಎಂದು ನಮ್ಮ ಬೀದಿಯಲ್ಲಿ ಮೊದಲು ಕೇಳಿದವನು ನಾನೇ.

ಹತ್ತನೆಯ ತರಗತಿಯ ಮೊದಲ ಪರೀಕ್ಷೆಯಲ್ಲಿ ಮಗಳು ಗಣಿತದಲ್ಲಿ ಫೇಲಾದಳು. ಇನ್ನೊಮ್ಮೆ ಫೇಲಾದರೆ ಶಾಲೆ ಬಿಡಿಸಿ ಮಗ್ಗದ ಕೆಲಸಕ್ಕೆ ಹಚ್ಚುವುದೆಂದು ತೀರ್ಮಾನಿಸಿ, ಮೇಷ್ಟ್ರಿಗೂ ಹಾಗೆಯೇ ತಿಳಿಸಿದೆ.

ಮರುದಿನ ಅವರೇ ಮನೆಗೆ ಬಂದರು. ಉಪದೇಶಕ್ಕೆ ಬಂದಿರಬಹುದೆಂದು ಶಂಕಿಸಿ ನಾನು ಮಗ್ಗ ನಿಲ್ಲಿಸಲಿಲ್ಲ. ಅವರು ಏನೋ ಹೇಳಿದರು, ಕೇಳಿಸಲಿಲ್ಲ. ಆಗಲೇ ನನ್ನ ಹೆಂಡತಿ ಆ ತುದಿಯಿಂದ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು. ಮಗಳು ಓಡಿಹೋಗಿ ಹರಿದ ಎಳೆ ಕಟ್ಟಿದಳು. ಹೆಂಡತಿ ಬೆರಳು ಮಡಿಸಿ ತುಟಿಗೆ ತಂದಳು; ಮಗಳು ಮೇಷ್ಟ್ರಿಗೆ ಕಾಫಿ ತಂದಳು. ಮಗ್ಗ ಓಡುವ ಹೊತ್ತಿನಲ್ಲಿ ನಮ್ಮ ಮಾತುಕತೆ ಹೀಗೆಯೇ. ಮೇಷ್ಟ್ರು ಕಾಫಿ ಕುಡಿಯುವುದನ್ನೂ ಮರೆತು ನೋಡುತ್ತಾ ನಿಂತರು. ಬಳಿಕ ನನ್ನನ್ನು ಬೀದಿಗೆ ಕರೆದರು.

"ಯಜಮಾನ್ರೇ, ಈ ಸದ್ದಲ್ಲಿ ನನ್ ವಿಡಿಯೊ ಯಾರಿಗ್ರೀ ಕೇಳ್ಸುತ್ತೆ?"

"ಅದನ್ನ ಕಳ್ಸೋಕ್ ಮುಂಚೆ ಯೋಚ್ನೆ ಮಾಡ್ಬೇಕಿತ್ತು ಸಾರ್. ಕಿವಿಗೆ ಇಯರ್‌ಫೋನ್ ಇಟ್ಕೊಂಡ್ರೂ ಅಷ್ಟೇ, ಮಗ್ಗ ಎದೆ ಒಳಗೇ ಬಡೀತದೆ. ಬೋರ್ಡಲ್ಲಿ ಹೇಳ್ಕೊಟ್ರೆ ನಿಮ್ ಕೈ ಸವ್ದೋಗ್ತದಾ?"

"ಬೋರ್ಡಲ್ಲಿ ಹೇಳ್ಕೊಟ್ರೆ ಎಲ್ರೂ ತಲೆ ಆಡಿಸ್ತಾರೆ ಕಣ್ರೀ. ಯಾರು ಎಲ್ಲಿ ತಪ್ಪಿದ್ರು ಅಂತ ಲೆಕ್ಕ ಮಾಡುವಾಗ ಪಕ್ಕ ಕೂತ್ರೇನೇ ಗೊತ್ತಾಗೋದು. ಸದ್ದಿನ ವಿಷಯ ಮಾತ್ರ ತಪ್ಪು ನಂದೇ. ಮುಂದಿನ ಪರೀಕ್ಷೆವರೆಗೆ ಅವಳನ್ನ ನಂಗೆ ಬಿಡಿ."

ಆ ವಾರದಿಂದ ಬಂದ ವಿಡಿಯೊಗಳಲ್ಲಿ ಧ್ವನಿಯೇ ಇರಲಿಲ್ಲ. ದೊಡ್ಡ ಅಕ್ಷರಗಳು, ಮೇಷ್ಟ್ರ ಎರಡು ಕೈಗಳು, ಅಷ್ಟೇ. ಸಮೀಕರಣದಲ್ಲಿ ಸಂಖ್ಯೆಯನ್ನು ಆ ಕಡೆಗೆ ಒಯ್ದು ಚಿಹ್ನೆ ಬದಲಿಸುವಾಗ ಅಂಗೈ ಮಗುಚುತ್ತಿತ್ತು. ಮಕ್ಕಳು ಎಡವುವ ಜಾಗದಲ್ಲಿ ಎರಡು ಬೆರಳು ಕತ್ತರಿಯಾಡುತ್ತಿದ್ದವು. ಹೆಂಡತಿ ನಕ್ಕಳು. ನಾನು ನಗಲಿಲ್ಲ. ಇದೂ ಕೆಲಸ ತಪ್ಪಿಸುವ ಉಪಾಯವೇ ಇರಬೇಕೆಂದು, ಹೇಳದೆ ಕೇಳದೆ ಹೋಗಿ ತರಗತಿಯ ಕಿಟಕಿಯ ಹೊರಗೆ ನಿಂತೆ.

ಮೇಷ್ಟ್ರು ನನ್ನ ಮಗಳ ಬೆಂಚಿನ ಪಕ್ಕ ನೆಲದ ಮೇಲೆ ಮಂಡಿಯೂರಿದ್ದರು. ಅವಳು, "ಇಲ್ಲ ಸಾರ್, ನೀವು ತಪ್ಪು ಹೇಳ್ತಿದೀರ, ಇಲ್ಲಿ ನೋಡಿ" ಎಂದು ಅವರೊಂದಿಗೆ ಜೋರಾಗಿ ವಾದಿಸುತ್ತಿದ್ದಳು. ಅವಳ ಧ್ವನಿಯನ್ನು ನಾನು ಒಂದೇ ಸಲಕ್ಕೆ ಅಷ್ಟು ಹೊತ್ತು ಕೇಳಿದ್ದೇ ಇರಲಿಲ್ಲ.

ಅವಳು ಪಾಸಾದಳು, ಈಗ ಪಿಯುಸಿ ಓದುತ್ತಿದ್ದಾಳೆ. ಮೇಷ್ಟ್ರು ಹೊಸಕೋಟೆಯ ಕಡೆಗೆ ವರ್ಗವಾಗಿದ್ದಾರೆ. ಮೊಬೈಲಿನ ಮೇಲೆ ನನಗೆ ಇಂದಿಗೂ ನಂಬಿಕೆಯಿಲ್ಲ. ಆದರೆ ಪ್ರತಿ ಸಂಜೆ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸುತ್ತೇನೆ. ಆ ದಿನ ಕಲಿತದ್ದನ್ನು ಮಗಳು ಬಾಯಿಬಿಟ್ಟು ಹೇಳುತ್ತಾಳೆ, ನಾನು ಕೇಳುತ್ತೇನೆ. ಇದು ಆ ಮೇಷ್ಟ್ರ ಋಣವೆಂದು ಈ ಮೂಲಕ ದೃಢೀಕರಿಸುತ್ತೇನೆ. ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ದಯಮಾಡಿ ತಿದ್ದಿಕೊಡಬೇಕಾಗಿ ವಿನಂತಿ.