ಹೊಸ್ತಿಲಿನಿಂದ ಹೊಳ್ಳಿ ಹೋದ ಸೊಸೆ

ಅವಳ ತಲೆಯ ಎಡಗಡೆ, ಕಿವಿಯ ಮೇಲೆ, ಅಂಗೈಯಗಲ ಜಾಗದಲ್ಲಿ ಕೂದಲು ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ಅದಕ್ಕೆ ಕಾರಣ ನಾನೇ. ಹನ್ನೊಂದು ವರ್ಷ ಅದೇ ಜಾಗದಲ್ಲಿ ಅವಳ ಕೂದಲು ಹಿಡಿದು ಎಳೆದು ಮನೆಯಿಂದ ಹೊರಗೆ ಹಾಕಿದ್ದೇನೆ. ನಾಟಕದಲ್ಲಿ ನಾನು ಅತ್ತೆ, ಅವಳು ಸೊಸೆ.

ನಮ್ಮದು ಊರೂರು ತಿರುಗುವ ನಾಟಕದ ಕಂಪನಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಪರದೆ ಕಟ್ಟಿದರೂ ಜನ ಕೇಳುತ್ತಿದ್ದದ್ದು ಅದೊಂದೇ ಆಟ. ರಾಜರ ನಾಟಕ ಆಡಿ ಕುರ್ಚಿಗಳು ಖಾಲಿ ಉಳಿದಾಗ ಮಾಲೀಕರಿಗೆ ನಮ್ಮಿಬ್ಬರ ನೆನಪಾಗುತ್ತಿತ್ತು. ಕಥೆ ದೊಡ್ಡದೇನಲ್ಲ. ಅತ್ತೆ ಸೊಸೆಗೆ ಕಾಟ ಕೊಡುತ್ತಾಳೆ, ಹೊರಗೆ ಹಾಕುತ್ತಾಳೆ, ಕಡೆಗೆ ತನ್ನ ತಪ್ಪು ತಿಳಿದು ಬಾಗಿಲು ತೆರೆಯುತ್ತಾಳೆ. ಸೊಸೆ ಒಳಗೆ ಬಂದು ಕಾಲಿಗೆ ಬೀಳುತ್ತಾಳೆ. ಅಲ್ಲಿಗೆ ಮಂಗಳ. ನಿಜ ಹೇಳಬೇಕೆಂದರೆ ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ಬಣ್ಣ ತೊಳೆದ ಮೇಲೂ ನನ್ನನ್ನು ‘ಅತ್ತೀ’ ಎಂದೇ ಕರೆಯುವಳು, ‘ರಿ’ ಹಚ್ಚದೆ ಮಾತಾಡುತ್ತಿರಲಿಲ್ಲ. ನಾನೂ ಗತ್ತಿನಿಂದ ‘ಏ ಸೊಸಿ, ಚಾ ಮಾಡು’ ಎನ್ನುತ್ತಿದ್ದೆ. ಸವಣೂರಿನ ಖಾರದ ಕುರುಕಲು ಎಂದರೆ ಅವಳಿಗೆ ಜೀವ. ಸೆರಗಿನ ತುದಿಯಲ್ಲಿ ಅದರ ಪೊಟ್ಟಣ ಇಲ್ಲದೆ ತಾಲೀಮಿಗೆ ಬಂದವಳೇ ಅಲ್ಲ. ಅಕ್ಷರ ಬರುತ್ತಿರಲಿಲ್ಲ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರು ಎರಡು ಸಲ ಓದಿ ಹೇಳಿದರೆ ಮಾತು ಬಾಯಿಪಾಠ.

ಊರಿನ ಹೆಂಗಸರು ನನ್ನನ್ನು ಕಂಡರೆ ಮುಖ ತಿರುವುತ್ತಿದ್ದರು. ಶಿಗ್ಗಾಂವಿಯ ಸಂತೆಯಲ್ಲಿ ಒಬ್ಬಳು ನನಗೆ ಬದನೆಕಾಯಿಯನ್ನೇ ಕೊಡಲಿಲ್ಲ. ‘ನಿನ್ನಂಥಾಕಿಗೆ ನಾ ಮಾರೂದಿಲ್ಲ, ಮುಂದ ನಡಿ’ ಎಂದಳು! ಅದೇ ಹೆಂಗಸರು ಸೊಸೆಗೆ ಉಡಿ ತುಂಬಲು ಮಧ್ಯಾಹ್ನ ನಮ್ಮ ಬಿಡಾರಕ್ಕೆ ಬರುತ್ತಿದ್ದರು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಒಂದು ಕುಪ್ಪಸದ ಖಣ. ಮುತ್ತೈದೆಯರಿಗೆ ತುಂಬುವ ಉಡಿ ಅದು. ಕಂಪನಿಯ ಹೆಂಗಸಿಗೆ ಯಾರು ತಾಳಿ ಕಟ್ಟಿರುತ್ತಾರೆ? ಅದಕ್ಕೇ ಅವಳು, ‘ಕುಂತ್ರಿ ಯವ್ವಾ, ಸೊಸೀನ್ನ ಕರಕೊಂಡು ಬರ್ತೇನಿ’ ಎಂದು ಒಳಗೆ ಹೋಗುತ್ತಿದ್ದಳು. ಹಸಿರು ಬಳೆ, ಕುಂಕುಮ, ನಾಟಕದ ಸೀರೆ, ನಾಟಕದ ತಾಳಿ ಎಲ್ಲ ಹಾಕಿಕೊಂಡು ಸೊಸೆಯಾಗಿ ಹೊರಗೆ ಬಂದು ಸೆರಗೊಡ್ಡುತ್ತಿದ್ದಳು. ನಾನೊಮ್ಮೆ ನಕ್ಕುಬಿಟ್ಟೆ.

‘ನಗಬ್ಯಾಡ್ರಿ ಅತ್ತೀ. ಅವರು ಆಕಿಗೆ ತಂದಾರ. ಅದನ್ನ ನಾ ಹೆಂಗ ತಗೊಳ್ಳಿ?’ ಎಂದಳು.

ಮೊದಮೊದಲು ನಾನು ಕೂದಲು ಹಿಡಿದರೆ ಸಾಕು, ಹೋ ಎಂದು ಅಳುತ್ತಿದ್ದಳು. ನಾಲ್ಕೈದು ವರ್ಷ ಕಳೆದ ಮೇಲೆ ಅಳು ಕಡಿಮೆಯಾಯಿತು. ಎರಡನೆಯ ಮಹಾಯುದ್ಧ ಶುರುವಾಗಿ ಗ್ಯಾಸ್‌ಬತ್ತಿಗೆ ಸೀಮೆಎಣ್ಣೆ ಸಿಗದ ಕಾಲಕ್ಕೆ ಬಾಯಿಯನ್ನೇ ಬಿಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತ ಎಳೆಸಿಕೊಳ್ಳುತ್ತಿದ್ದಳು. ಆ ನೋಟಕ್ಕೆ ನನ್ನ ಕೈ ಸಡಿಲಾಗುತ್ತಿತ್ತು. ಮಾಲೀಕರು ರೇಗಿದರೆ ಅವಳ ಉತ್ತರ ಇಷ್ಟೇ: ‘ಎಷ್ಟು ವರ್ಷ ಅಳಬೇಕ್ರಿ ಆಕಿ? ನನ್ನ ಕೈಗೆ ಬಂದಾಗ ಹದಿನಾರರ ಹುಡುಗಿ. ನನ್ನ ಜೋಡಿ ಆಕಿಗೂ ವಯಸ್ಸಾಗೇತಿ, ಬುದ್ಧಿ ಬಂದೇತಿ.’ ಬರೆದ ಮಾತು ಒಂದನ್ನೂ ಅವಳು ಬಿಟ್ಟಿರಲಿಲ್ಲವಾದ್ದರಿಂದ ಮಾಲೀಕರು ಪಾತ್ರ ಕಿತ್ತುಕೊಳ್ಳಲಿಲ್ಲ.

ಸವಣೂರಿನ ಕ್ಯಾಂಪಿನಲ್ಲಿ ಒಂದು ಮಧ್ಯಾಹ್ನ ವೀಳ್ಯದ ಎಲೆದೋಟದ ಹೆಂಗಸೊಬ್ಬಳು ಉಡಿ ತುಂಬಲು ಬಂದಳು. ಅಕ್ಕಿ ಹಾಕುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ‘ಯವ್ವಾ, ಇವತ್ತರೆ ಆ ಮನಿಗೆ ಹೊಳ್ಳಿ ಹೋಗಬ್ಯಾಡ. ನನ್ನ ಮಗಳೂ ಹಿಂಗ, ಅತ್ತಿ ಕರದ್ಲಂತ ಹೋದ್ಲು. ತಿಂಗಳ ತುಂಬೂದ್ರಾಗ ಬಾವ್ಯಾಗ ತೇಲಿದ್ಲು. ನೀ ನಮ್ಮ ಮನಿಗೆ ಬಾ. ಎಲಿ ಕೊಯ್ಕೊಂತ ಇರ್ವಂತಿ’ ಎಂದು ಅವಳ ಗದ್ದ ಹಿಡಿದಳು. ಸೊಸೆ ‘ಹೂಂ ಯವ್ವಾ’ ಎಂದಳು, ಅಷ್ಟೇ.

ಅಂದಿನ ಆಟದ ಕಡೆಯ ದೃಶ್ಯ. ನಾನು ಬಾಗಿಲು ತೆರೆದು, ‘ಬಾ ತಾಯಿ, ಒಳಗೆ ಬಾ’ ಎಂದು ಎರಡೂ ಕೈ ಚಾಚಿದೆ. ಅವಳು ಹೊಸ್ತಿಲಿನ ಹತ್ತಿರ ಬಂದಳು, ನಿಂತಳು, ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೊಳ್ಳಿ ಹೋದಳು. ಚಾಚಿದ ಕೈ ಚಾಚಿದಂತೆಯೇ ನಿಂತೆ. ಗಂಡಸರ ಕಡೆಯಿಂದ ಸೀಟಿ, ಕೂಗಾಟ. ಹೆಂಗಸರ ಕಡೆ ಒಂದು ಬಳೆಯ ಸದ್ದೂ ಇಲ್ಲ. ಮಾಲೀಕರು ಗಡಬಡಿಸಿ ಪರದೆ ಬಿಡಿಸಿದರು.

ಮರುದಿನ ಮುಂಜಾನೆ ಎಲ್ಲರೆದುರು ಮಾಲೀಕರು ನನ್ನನ್ನು ಕೇಳಿದರು: ‘ಎದುರಿಗೆ ನಿಂತಾಕಿ ನೀ. ನೀನ ಹೇಳು, ಹಿಂಗ ಆಡಿದ್ರ ನಡೀತೈತೇನು?’ ಅವಳು ನನ್ನ ಕಡೆ ನೋಡಿದಳು. ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಮೈ ಜುಮ್ಮೆಂದದ್ದು ಅವತ್ತೊಂದೇ ದಿನ. ಆದರೆ ಸಾವಿರ ಜನರ ಮುಂದೆ ಪೆಚ್ಚಾಗಿ ನಿಂತ ಸಿಟ್ಟು ಇನ್ನೂ ಆರಿರಲಿಲ್ಲ, ಹೊಟ್ಟೆಪಾಡಿನ ಹೆದರಿಕೆ ಬೇರೆ. ‘ನಡ್ಯಾಂಗಿಲ್ರಿ. ಆಟ ಕೆಡ್ತು’ ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ಸೊಸೆಯ ಪಾತ್ರ ಹೊಸ ಹುಡುಗಿಯೊಬ್ಬಳಿಗೆ ಹೋಯಿತು, ಇವಳಿಗೆ ಮನೆಗೆಲಸದವಳ ಪಾತ್ರ ಬಂತು. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹಾನಗಲ್ಲಿನ ಕ್ಯಾಂಪಿನಲ್ಲಿ ಹುಡುಗಿಗೆ ತಾನೇ ಮಾತು ಕಲಿಸಿದಳು, ತಾನೇ ಕೂದಲಿಗೆ ಚವರಿ ಸೇರಿಸಿ ಹೆಣೆದಳು. ‘ಅತ್ತಿ ಕೈ ಭಾಳ ಜೋರು. ಚವರಿ ಇದ್ರ ನೋವಾಗೂದಿಲ್ಲ’ ಎನ್ನುತ್ತಿದ್ದಳು. ಇಷ್ಟು ವರ್ಷ ನೀನೇಕೆ ಕಟ್ಟಲಿಲ್ಲ ಎಂದು ಕೇಳಿದೆ. ‘ಆಕಿಗೆ ನೋವಾಗೂವಾಗ ನನಗೂ ಒಂದೀಟು ಆಗಬೇಕಲ್ರಿ’ ಎಂದಳು. ನಾನು ಅಲ್ಲಿಂದ ಎದ್ದು ಹೋದೆ.

ಮಳೆಗಾಲ ಮುಗಿದು ಹಿರೇಕೆರೂರು ಕಡೆಯ ಮಾಸೂರಿನಲ್ಲಿ ಕ್ಯಾಂಪು ಹಾಕಿದಾಗ ಅವಳಿಗೆ ಚಳಿಜ್ವರ ಬಂತು. ಮದಗದ ಕೆರೆಯ ಸೊಳ್ಳೆಗಳು ಕಂಪನಿಯ ಅರ್ಧ ಮಂದಿಯನ್ನು ಮಲಗಿಸಿದ್ದವು. ಉಳಿದವರೆಲ್ಲ ಎದ್ದರು, ಅವಳು ಏಳಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕಣ್ಣು ತೆರೆದು ಕೇಳಿದಳು:

‘ಅತ್ತೀ, ನಿನ್ನೆ ಆಟದಾಗ ಆಕಿ ಒಳಗ ಹೋದ್ಲೇನ್ರಿ?’

ಹೋಗಿದ್ದಳು. ಹುಡುಗಿ ನನ್ನ ಕಾಲಿಗೆ ಬಿದ್ದು ಹೊರಳಾಡಿ ಅತ್ತಿದ್ದಳು.

‘ಇಲ್ಲವ್ವಾ. ಹೊಸ್ತಿಲದಾಗಿಂದ ಹೊಳ್ಳಿ ಹೋದ್ಲು’ ಎಂದೆ.

‘ಛಲೋ ಆತು. ಎಲ್ಲಿಗೆ ಹೋದ್ಲು?’

‘ಸವಣೂರಿಗೆ. ಎಲಿ ತ್ವಾಟಕ್ಕ.’

ಉಳಿದ ಗಂಜಿ ಕುಡಿದಳು. ಮರುದಿನ ನಸುಕಿನಲ್ಲಿ ತೀರಿಕೊಂಡಳು. ಅವಳ ತಲೆ ಬಾಚಿದವಳು ನಾನು. ಎಡಗಡೆಯ ಆ ಜಾಗ ಮುಚ್ಚುವಂತೆ ಬೈತಲೆ ತೆಗೆಯಲು ನೋಡಿದೆ, ಅಷ್ಟು ಕೂದಲು ಉಳಿದಿರಲಿಲ್ಲ.

ಮುಂದಿನ ವರ್ಷ ಸವಣೂರಿಗೆ ಹೋದಾಗ ಎಲೆದೋಟದ ಆ ಹೆಂಗಸು ಮತ್ತೆ ಬಂದಳು, ಕೈಯಲ್ಲಿ ಅದೇ ಉಡಿಯ ಗಂಟು. ನನ್ನನ್ನು ಕಂಡು ಮುಖ ಗಂಟಿಕ್ಕಿದಳು. ‘ಸೊಸಿ ಎಲ್ಲದಾಳ? ಮತ್ತ ನಿನ್ನ ಮನಿಗೆ ಬಂದ್ಲೇನು?’

ಸತ್ತಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ‘ಇಲ್ರಿ, ಬರಲಿಲ್ಲ. ನಾ ಎಷ್ಟು ಕರದ್ರೂ ಹೊಳ್ಳಿ ಬರಲಿಲ್ಲ’ ಎಂದೆ.

ಅವಳ ಮುಖ ಅರಳಿತು. ಕಣ್ಣೊರೆಸಿಕೊಂಡು ಗಂಟನ್ನು ನನ್ನ ಸೆರಗಿಗೆ ಹಾಕಿದಳು. ‘ಎಲ್ಲೆರೆ ಇರಲಿ, ಚಂದಾಗಿರಲಿ. ನೀವು ಊರೂರು ತಿರಗವ್ರು, ಕಂಡಾಗ ಮುಟ್ಟಸ್ರಿ.’

ಮುಟ್ಟಿಸುತ್ತೇನೆ ಎಂದೆ. ಅಕ್ಕಿಯನ್ನು ಹಕ್ಕಿಗಳಿಗೆ ಚೆಲ್ಲಿದೆ. ಖಣ ಮಾತ್ರ ಇನ್ನೂ ನನ್ನ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಇದೆ. ಅದು ನನ್ನದಲ್ಲ.