ಒಲೆಯಟ್ಟ ಹತ್ತಿದ ಪಟ್ಟಿ

ಸಾಗರದ ರೇಡಿಯೋ ರಿಪೇರಿ ಹುಲಿಯಪ್ಪನ ಲೆಕ್ಕದಲ್ಲಿ ಸತ್ತ ಯಂತ್ರ ಎಂಬುದೇ ಇರಲಿಲ್ಲ. ಶಿವಮೊಗ್ಗದ ಟೈಪಿಂಗ್ ಶಾಲೆಯೊಂದು ಗುಜರಿಗೆ ಹಾಕಲಿದ್ದ ಕಂಪ್ಯೂಟರನ್ನು ಬಸ್ಸಿನ ಟಾಪಿನ ಮೇಲೆ ಹೇರಿ ತಂದು, ಬೆಸುಗೆ ಹಾಕಿ, ಜಗಲಿಯಲ್ಲಿ ಎಬ್ಬಿಸಿ ಕೂರಿಸಿದ್ದ. ೧೯೮೮ರ ಬೇಸಿಗೆಯಿಡೀ ಬ್ಯಾಕೋಡು ಕಡೆಯ ಮುದುಕರು ಬಂದು, ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋದ ಗದ್ದೆಯ ಗಡಿಗಳನ್ನು ಹೇಳಿದರು. ಇವನು ಟೈಪು ಮಾಡಿ ಒಂದು ಫ್ಲಾಪಿಯಲ್ಲಿ ಉಳಿಸಿಟ್ಟ. ಅವರೆಲ್ಲ ಒಡೆಯರ ನೆಲ ಗೇಣಿ ಮಾಡಿದವರು. ಕಾಗದ ಇಲ್ಲ, ಹಾಗಾಗಿ ಬದಲಿ ನೆಲವೂ ಇಲ್ಲ. ಒಟ್ಟು ನೂರಾ ನಲವತ್ತು ಮನೆ.

ಮಳೆಗಾಲದಲ್ಲಿ ಬದಲಿ ನೆಲದ ವಿಚಾರಣೆಗೆ ಸರಕಾರದಿಂದ ಕರೆ ಬಂತು. ಸೋಮವಾರ ಪಟ್ಟಿ ಕೊಡಬೇಕು, ಆಮೇಲೆ ತಗೊಳ್ಳುವುದಿಲ್ಲ. ಪ್ರಿಂಟರ್ ಇಲ್ಲದ್ದರಿಂದ ಪರದೆ ನೋಡಿ ಕೈಯಲ್ಲಿ ಬರೆದುಕೊಳ್ಳಲು ಮುಳುಗಡೆಯವರ ಸಂಘದ ಧರ್ಮಪ್ಪ ಭಾನುವಾರ ಬೆಳಿಗ್ಗೆಯೇ ಬಂದು ಕೂತ.

ಯಂತ್ರ ಗುರ್ರೆಂದಿತು, ಒಮ್ಮೆ ಕೂಗಿತು, ತನ್ನನ್ನು ಎಬ್ಬಿಸುವ ಸಿಸ್ಟಮ್ ಫ್ಲಾಪಿ ಹಾಕು ಎಂದು ಪರದೆಯ ಮೇಲೆ ಬರೆದು ನಿಂತಿತು. ಹಾಕಿದರೂ ಅದೇ ಮಾತು. ಹುಲಿಯಪ್ಪ ಮೀಟರ್ ಹಿಡಿದು ಕರೆಂಟು ನೋಡಿದ. ಫ್ಲಾಪಿ ಓದುವ ಎರಡು ಡ್ರೈವುಗಳ ವೈರು ಅದಲುಬದಲು ಮಾಡಿದ. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿದ. ಅದೇ ಮಾತು.

"ಪುಸ್ತಕದಲ್ಲಿ ಬರಿಯಾ ಅಂದ್ರೆ ಟೀವೀಲಿ ಬರ್ದೆ. ಈಗೆಂತ, ಇದಕ್ಕೊಂದು ಕೋಳಿ ಕೊಯ್ಯದಾ?" ಎಂದ ಧರ್ಮಪ್ಪ.

"ಸುಮ್ನಿರಾ ಮಾರಾಯ. ತಿರುಗ್ತಾ ಇದೆ, ಓದ್ತಾ ಇಲ್ಲ."

ಫ್ಲಾಪಿ ಹೊರತೆಗೆದು ಬೆಳಕಿಗೆ ಹಿಡಿದ. ಒಳಗಿನ ಕರಿ ತಟ್ಟೆ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಹೊಗೆ ವಾಸನೆ.

"ಇದೆಲ್ಲಿಟ್ಟಿದ್ಯೇ?"

"ಒಲೆಯಟ್ಟದ ಮೇಲೆ, ಬೀಜದ ಬುಟ್ಟಿ ಪಕ್ಕ," ಅಡುಗೆಮನೆಯಿಂದ ಹೆಂಡತಿ ಬಂಗಾರಮ್ಮ ಹೇಳಿದಳು. "ಬೂಸ್ಟು ಹಿಡೀತದೆ, ಬೆಚ್ಚಗಿಡು ಅಂದೋರು ನೀವೇ ಅಲ್ದಾ?"

"ಪಟ್ಟಿ ಇರೋದೂ ಸೇರಿ ಎರಡೂನಾ?"

"ಒಂದನ್ನ ಥಂಡೀಲಿ ಬಿಡಕಾಗ್ತದಾ?"

ಅಂದದ್ದು ಹೌದು. ಅಪ್ಪ, ಅಜ್ಜನ ಕಾಲದಿಂದ ಉಳಿಯಬೇಕಾದದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೇ ಏರುತ್ತಿತ್ತು. ಬಿಸಿಗೆ ಇದು ಬಾಗುತ್ತದೆಂಬುದು, ದಿನವಿಡೀ ಬೆಸುಗೆ ಹಾಕುವವನಿಗೂ ಹೊಳೆದಿರಲಿಲ್ಲ.

ಯಂತ್ರ ಎಬ್ಬಿಸುವ ಫ್ಲಾಪಿ ಶಿವಮೊಗ್ಗದಲ್ಲಿ ಇನ್ನೊಂದು ಸಿಕ್ಕೀತು. ಪಟ್ಟಿಯದ್ದು ಎಲ್ಲೂ ಸಿಗದು. ಹೇಳಿದವರು ಹಿನ್ನೀರಿನಾಚೆ, ಒಂದು ದಿನದಲ್ಲಿ ಸುತ್ತಿ ಮುಗಿಯದು, ಮೂವರಂತೂ ಈ ಮಳೆಯಲ್ಲೇ ತೀರಿಕೊಂಡಿದ್ದರು.

ಧರ್ಮಪ್ಪ ಬೈಯಲಿಲ್ಲ. ಪುಸ್ತಕ ಬಿಡಿಸಿ, "ನೆನಪಿದ್ದಷ್ಟು ಹೇಳಾ," ಎಂದ. ಸಂಜೆಯೊಳಗೆ ಇಪ್ಪತ್ತಾರು ಮನೆಯಾಯಿತು. ಅದರಲ್ಲೂ ಅರ್ಧಕ್ಕೆ ಗಡಿ ನೆನಪಿಲ್ಲ. ಸೋಮವಾರ ಅಷ್ಟನ್ನೇ ಕೊಟ್ಟು ಬಂದರು.

ಗುರುವಾರ ಬ್ಯಾಕೋಡಿನ ಬೆಳ್ಳಮ್ಮ ಬಂದಳು. ಅವಳ ಮನೆ ಆ ಇಪ್ಪತ್ತಾರರಲ್ಲಿ ಇರಲಿಲ್ಲ.

"ನಮ್ದು ಬರ್ದೀಯಲ್ಲ ತಮಾ?"

"ಬರ್ದಿದ್ದೆ ಅಮ್ಮ," ಎಂದ ಹುಲಿಯಪ್ಪ.

ಮುದುಕಿಗೆ ಅಷ್ಟೇ ಸಾಕಾಯಿತು. ನೆಲ ಯಾವ ಊರಲ್ಲಿ ಕೊಡ್ತಾರಂತೆ ಎಂದು ಕೇಳಿದಳು.